ನೀರು ನಿಂತ ಹೊತ್ತು

ಕೊರೋನಾ ಕಾಲದ ಮಾತು ಬಂದರೆ ಮುಖ ಸಣ್ಣ ಮಾಡಿಕೊಳ್ಳುವುದು ಈಗ ಒಂದು ಮರ್ಯಾದೆ. ನಾನೂ ಮಾಡಿಕೊಳ್ಳುತ್ತೇನೆ. ಮದುವೆ ಮನೆಯಲ್ಲಿ ಪಕ್ಕದ ಕುರ್ಚಿಯವರು "ಆ ಎರಡು ವರ್ಷ ಯಾರಿಗೂ ಬೇಡ" ಅಂದರೆ ಹೌದೌದು ಅನ್ನುತ್ತೇನೆ. ಅವರು ಅಣ್ಣನನ್ನೋ ಭಾವನನ್ನೋ ಕಳಕೊಂಡವರು. ಅವರೆದುರು ಬೇರೆ ಮಾತು ಆಡಲು ನಾಲಿಗೆ ಹೇಗೆ ಬಂದೀತು? ಆದರೆ ಮನೆಗೆ ಬಂದು ಸೀರೆ ಮಡಚಿಡುವಾಗ ಇವರ ಹತ್ತಿರ ಮಾತ್ರ ಹೇಳುವುದುಂಟು: ನಮಗಿಬ್ಬರಿಗೂ ಅಷ್ಟು ಚೆಂದದ ದಿನಗಳು ಅದಕ್ಕೆ ಮೊದಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಇವರು ಉತ್ತರ ಕೊಡುವುದಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಾರೆ.

ಕುಂದಾಪುರದ ಹೊಳೆ ನೋಡದವರಿಗೆ ಸ್ವಲ್ಪ ವಿವರಿಸಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಇಲ್ಲಿ ಒಟ್ಟಾಗಿ ಪಂಚಗಂಗಾವಳಿ ಅನ್ನಿಸಿಕೊಂಡು ಕಡಲಿಗೆ ಬೀಳುತ್ತವೆ. ಅಳಿವೆಯ ತೆಂಕು ಬದಿಗೆ ಕೋಡಿ, ಬಡಗು ಬದಿಗೆ ಗಂಗೊಳ್ಳಿ. ಒಳಗೆ ಬಂದಂತೆ ಉಪ್ಪಿನಕುದ್ರು ಮೊದಲಾಗಿ ಕುದ್ರು ಎನ್ನುವ ನಡುಗಡ್ಡೆಗಳು, ಕಾಂಡ್ಲಾ ಗಿಡಗಳ ಹಿಂಡು, ತೆಂಗಿನ ತೋಟ. ನಮ್ಮ ಕಡೆಯ ದಡದಲ್ಲಿ ನಿಂತರೆ ಗಂಗೊಳ್ಳಿ ಬಂದರಿನ ಬೋಟುಗಳ ಬಣ್ಣ ಲೆಕ್ಕ ಹಾಕಬಹುದು. ಅದೇ ಬಸ್ಸು ಹಿಡಿದು ಹೊರಟಿರೋ, ಸಂಗಮ್, ಹೆಮ್ಮಾಡಿ, ಮುಳ್ಳಿಕಟ್ಟೆ, ತ್ರಾಸಿ ಎಂದು ಹದಿನೈದು ಕಿಲೋಮೀಟರಿಗೂ ಮಿಕ್ಕಿದ ಸುತ್ತು. ಆಚೆ ದಡದ ಮನೆಯಲ್ಲಿ ಬಟ್ಟೆ ಒಣಗಿಸುವುದು ಕಾಣುತ್ತದೆ, ಆ ಮನೆಯವರ ಗುರುತು ಮಾತ್ರ ಇರುವುದಿಲ್ಲ.

ನಾವು ಈ ದಡಕ್ಕೆ ಬಂದದ್ದು ಇಬ್ಬರಿಗೂ ನಿವೃತ್ತಿಯಾದ ಮೇಲೆ. ಅಲ್ಲಿಯವರೆಗೆ ಬೊಂಬಾಯಿ. ಇವರದು ಬ್ಯಾಂಕು. ನನ್ನದು ಹಗಲು ಕನ್ನಡ ಮಾಧ್ಯಮದ ಶಾಲೆ, ಸಂಜೆ ಫೋರ್ಟ್ ಕಡೆಯ ಒಂದು ರಾತ್ರಿ ಶಾಲೆ. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ಈರುಳ್ಳಿ ಹೆಚ್ಚಿ, ಮೈಯೆಲ್ಲ ಸಾಂಬಾರಿನ ವಾಸನೆ ಹೊತ್ತುಕೊಂಡೇ ಪಾಠಕ್ಕೆ ಬರುತ್ತಿದ್ದ ಹುಡುಗರು ಅಲ್ಲಿ ನನ್ನ ವಿದ್ಯಾರ್ಥಿಗಳು. ಹೆಚ್ಚಿನವರು ಕುಂದಾಪುರ, ಬೈಂದೂರು ಕಡೆಯವರೇ. ಒಂಬತ್ತು ಗಂಟೆ ದಾಟಿದರೆ ಹಿಂದಿನ ಬೆಂಚಿನವರು ನಿದ್ದೆ. ನಾನು ಎಬ್ಬಿಸುತ್ತಿರಲಿಲ್ಲ. ಹಾಜರಿ ಮಾತ್ರ ಗಟ್ಟಿ ದನಿಯಲ್ಲಿ ಕೂಗುತ್ತಿದ್ದೆ. ನಿದ್ದೆಯಲ್ಲೇ "ಹಾಜರ್" ಅನ್ನುವ ಕಲೆ ಅವರಿಗೆ ಕರಗತವಾಗಿತ್ತು.

ದೋಣಿ ಇವರ ಹುಚ್ಚು. ಮಾವನವರ ಕಾಲದ ಮನೆಯ ಹಿತ್ತಲು ಇಳಿದರೆ ಹೊಳೆ. ಹೊಯಿಗೆ ಸಾಗಿಸುವ ಕೆಲಸ ಬಿಟ್ಟ ಒಬ್ಬ ತನ್ನ ಸಣ್ಣ ದೋಣಿ ಕೊಡುತ್ತೇನೆ ಅಂದ. ಇವರು ಪಿಂಚಣಿಯ ಮೊದಲ ವರ್ಷದ ಉತ್ಸಾಹದಲ್ಲಿ ಚೌಕಾಸಿ ಕೂಡ ಮಾಡದೆ ಕೊಂಡುಬಿಟ್ಟರು. ಹೆಬ್ಬಲಸಿನ ಹಲಗೆ, ತೆಂಗಿನ ಹುರಿಯಲ್ಲಿ ಹೊಲಿದದ್ದು, ಒಂದೂ ಮೊಳೆ ಇಲ್ಲ. ಮೊಳೆ ಹೊಡೆದದ್ದು ಮರಳ ದಿಬ್ಬಕ್ಕೆ ತಾಗಿದರೆ ಬಿರಿಯುತ್ತದಂತೆ. ಹೊಲಿದದ್ದು ಸ್ವಲ್ಪ ಬಾಗಿ ಸುಧಾರಿಸಿಕೊಳ್ಳುತ್ತದಂತೆ. ವರ್ಷಕ್ಕೊಮ್ಮೆ ಅದಕ್ಕೆ ಗೇರೆಣ್ಣೆ ಬಳಿಯಬೇಕು. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ ಎಂದು ಯಾರೋ ಇವರಿಗೆ ಹೇಳಿದ್ದರು. ಬ್ಯಾಂಕಿನವರು ಹೇಳಿದ್ದನ್ನು ನಂಬುವುದಿಲ್ಲ, ದಾಖಲೆ ಕೇಳುತ್ತಾರೆ. ದಾಖಲೆ ಎರಡೂ ಅಂಗೈಯಲ್ಲಿ ಹದಿನೈದು ದಿನ ಇತ್ತು. ಅಷ್ಟು ದಿನ ಇವರಿಗೆ ಅನ್ನ ಕಲಸಿ ಕೊಟ್ಟವಳು ನಾನು.

ದೋಣಿ ನಡೆಸಲು ಇವರಿಗೆ ಬರುತ್ತಿರಲಿಲ್ಲ. ಹುಟ್ಟು ಹಾಕಿದಷ್ಟೂ ಅದು ತಿರುತಿರುಗಿ ನಮ್ಮ ಕಟ್ಟೆಗೇ ಬಂದು ನಿಲ್ಲುತ್ತಿತ್ತು. ಇದನ್ನು ಹೊಳೆಯ ನಡುವಿನಿಂದ ಎಷ್ಟೋ ದಿನ ನೋಡಿ, ತಡೆಯಲಾಗದೆ ಒಮ್ಮೆ ಹತ್ತಿರ ಬಂದವರು ಗಂಗೊಳ್ಳಿಯ ತಾಂಡೇಲರು. ದೊಡ್ಡ ಪರ್ಸೀನ್ ಬೋಟಿನಲ್ಲಿ ತಾಂಡೇಲರಾಗಿ, ಇಪ್ಪತ್ತು ಮೂವತ್ತು ಜನರನ್ನು ಕಡಲಿಗೆ ಕರಕೊಂಡು ಹೋಗಿ ಜೋಪಾನವಾಗಿ ತಂದವರು. ಈಗ ಮಗ ಬೇಡವೆಂದದ್ದಕ್ಕೆ ಬೋಟು ಬಿಟ್ಟು, ಒಂದು ಚಿಕ್ಕ ಫೈಬರ್ ದೋಣಿ ಇಟ್ಟುಕೊಂಡಿದ್ದರು. ಇವರ ಅವಸ್ಥೆ ನೋಡಿ ಅಂದರು: "ಹ್ವಾಯ್ ಬೊಂಬಾಯವ್ರೆ, ನೀರ್ ಹೋಪತಿಗೆ ಹೋಯ್ಕ್, ನೀರ್ ಬಪ್ಪತಿಗೆ ಬರ್ಕ್. ಮಧ್ಯ ನಿಮ್ ಬುದ್ವಂತ್ಕಿ ಮಾಡುಕಾಗ." ಅವರ ಮನೆಮಾತು ಕೊಂಕಣಿ. ನಮ್ಮ ಹತ್ತಿರ ಅಪ್ಪಟ ಕುಂದಾಪ್ರ ಭಾಷೆ. ಆ ಮೇಲೆ ಇವರು ಕಲಿತರು. ಆದರೂ 2020ರ ಮಾರ್ಚಿನವರೆಗೆ ತಾಂಡೇಲರದ್ದು ನಮ್ಮದು ಕೈಬೀಸುವಷ್ಟೇ ಸ್ನೇಹ. ಅವರಿಗೆ ಅವರ ಬಂದರು, ನಮಗೆ ನಮ್ಮ ಸತ್ಯನಾರಾಯಣ ಪೂಜೆ, ಮದುವೆ, ಬೊಂಬಾಯಿಯಿಂದ ಬರುವ ನೆಂಟರು.

ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು. ಹೆದ್ದಾರಿಯ ಸದ್ದು ನಿಂತಿತು. ಅದಕ್ಕಿಂತ ವಿಚಿತ್ರ ಅನ್ನಿಸಿದ್ದು ನಸುಕಿನಲ್ಲಿ ಅಳಿವೆ ದಾಟುವ ಬೋಟುಗಳ ಎಂಜಿನ್ ಸದ್ದು ಇಲ್ಲದ್ದು. ಆ ಸದ್ದು ಇಲ್ಲಿಯವರ ಅಲಾರಂ. ಅದಿಲ್ಲದೆ ನಾನು ಏಳುವ ಹೊತ್ತೇ ತಪ್ಪಿಹೋಯಿತು. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಬೇಕೆಂದರಲ್ಲ, ಹುಣ್ಣಿಮೆಗೆ ಇನ್ನೆರಡು ಮೂರು ದಿನ ಇದ್ದ ಬೆಳದಿಂಗಳು. ನಾವು ಕಟ್ಟೆಯ ಮೇಲೆ ಹಣತೆ ಇಟ್ಟೆವು. ಆಚೆ ದಡದಲ್ಲೂ ಸಾಲಾಗಿ ದೀಪ. ಅದರಲ್ಲಿ ಒಂದು ದೀಪ ಮಾತ್ರ ದಡ ಬಿಟ್ಟು ಹೊಳೆಗೆ ಇಳಿದು ನಮ್ಮ ಕಡೆಗೇ ಬರತೊಡಗಿತು. ತಾಂಡೇಲರು, ಜೊತೆಗೆ ಅವರ ಹೆಂಡತಿ, ನಾವು ಅಕ್ಕ ಅನ್ನುವವರು. ಕಟ್ಟೆಯಿಂದ ಒಂದು ಗಳದಷ್ಟು ಆಚೆಗೇ ದೋಣಿ ನಿಲ್ಲಿಸಿ "ಮನೆಯಂಗೆ ಉಸ್ರ್ ಕಟ್ತ್" ಅಂದರು. ಅಕ್ಕ ಬಾಯಿಗೆ ಸೆರಗು ಕಟ್ಟಿಕೊಂಡಿದ್ದರು. ಅದು ಅವರ ಮಾಸ್ಕು.

ಏಪ್ರಿಲ್ 10ಕ್ಕೆ ಮೀನುಗಾರಿಕೆಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಇವರ ದೋಣಿಯಲ್ಲಿ ಅಂದಿನಿಂದ ಒಂದು ಗಾಳ ಖಾಯಂ. ಯಾರಾದರೂ ಕೇಳಿದರೆ ನಾವು ಮೀನುಗಾರರು. ಅದಕ್ಕೆ ಮೀನು ಕಚ್ಚಿದ್ದನ್ನು ನಾನು ಕಂಡಿಲ್ಲ. ಅದರ ತುದಿಗೆ ಸಿಕ್ಕಿಸಲು ಇವರು ಏನನ್ನೂ ಒಯ್ಯುತ್ತಲೂ ಇರಲಿಲ್ಲ.

ಭೇಟಿಯ ಸಮಯ ಗಡಿಯಾರದಲ್ಲಿ ಇರಲಿಲ್ಲ. ನೀರು ಏರಿ ಮುಗಿದು ಇಳಿಯಲು ತೊಡಗುವ ಮೊದಲು ಸ್ವಲ್ಪ ಹೊತ್ತು ಹೊಳೆ ಎತ್ತಲೂ ಹರಿಯದೆ ನಿಲ್ಲುತ್ತದೆ. ಆಗ ನಡುಹೊಳೆಯಲ್ಲಿ ಹುಟ್ಟು ಎತ್ತಿಟ್ಟು ಕೂತರೂ ದೋಣಿ ಕೂತಲ್ಲೇ ಕೂರುತ್ತದೆ. ಆ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಇವತ್ತು ನಾಲ್ಕು ಗಂಟೆಗೆ ಸೇರಿದರೆ ನಾಳೆ ಐದರ ಹತ್ತಿರ, ನಾಡಿದ್ದು ಆರರ ಹತ್ತಿರ. ರಾತ್ರಿಗೆ ಸರಿದಾಗ ಬೆಳಗಿನ ಏರು ನಮ್ಮ ಪಾಲಿಗೆ. ಇವರು ಲೆಡ್ಜರು ಬರೆಯುವ ಶಿಸ್ತಿನಲ್ಲಿ ಒಂದು ನೋಟುಪುಸ್ತಕ ಮಾಡಿದ್ದರು. ತಾಂಡೇಲರು ತಿಥಿ ಕೇಳಿಯೇ ಹೇಳಿಬಿಡುತ್ತಿದ್ದರು. ಅಮಾವಾಸ್ಯೆ ಹುಣ್ಣಿಮೆಗೆ ನೀರು ಜೋರು, ನಿಲ್ಲುವ ಹೊತ್ತು ಕಡಿಮೆ. ಅಷ್ಟಮಿಗೆ ನೀರಿಗೆ ಗಡಿಬಿಡಿಯಿಲ್ಲ, ಮಾತಿಗೆ ಸಮಯ ಸಿಕ್ಕುತ್ತದೆ. ನೋಟುಪುಸ್ತಕ ಮತ್ತು ತಿಥಿಗೆ ವ್ಯತ್ಯಾಸ ಬಂದ ದಿನ ಇಬ್ಬರಿಗೂ ವಾದ. ಯಾವಾಗಲೂ ತಿಥಿಯೇ ಗೆದ್ದದ್ದು.

ಎರಡು ದೋಣಿಯನ್ನು ಹಗ್ಗದಲ್ಲಿ ಅಕ್ಕಪಕ್ಕ ಕಟ್ಟಿ, ನಾವು ನಾಲ್ವರೂ ಅಳಿವೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದೆವು. ಅವರವರ ದೋಣಿಯ ಆಚೆ ಅಂಚಿಗೆ ಸರಿದು ಕೂತರೆ ಸರ್ಕಾರ ಹೇಳಿದಷ್ಟು ಅಂತರ ತಾನಾಗಿ ಆಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡುವ ಹಂಗಿಲ್ಲ. ಮಾತು ಬಂದರೆ ಬಂತು, ಇಲ್ಲದಿದ್ದರೆ ಗರುಡ ಹಕ್ಕಿ ಮೀನಿಗೆ ಎರಗುವುದನ್ನು ನೋಡುವುದು. ಅಕ್ಕ ತನ್ನ ಮೊದಲ ಹೆರಿಗೆಯ ಮಗು ಹೋದದ್ದನ್ನು, ಆವತ್ತು ತಾಂಡೇಲರು ಕಡಲಿನಲ್ಲಿದ್ದುದನ್ನು, ಹೇಳಿದ್ದು ಹಾಗೆ ಮುಂದಕ್ಕೆ ನೋಡುತ್ತಲೇ. ಎದುರೆದುರು ಕೂತಿದ್ದರೆ ಹೇಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ತಾಂಡೇಲರು ಹಿಂದಿನ ತುದಿಯಲ್ಲಿ ಬೀಡಿ ಹಚ್ಚುತ್ತಿದ್ದವರು ಹಚ್ಚದೆ ಹಾಗೇ ಕೂತರು. ಅವರೇ ಒಮ್ಮೆ ಅಂದದ್ದುಂಟು: "ಕಡ್ಲಂಗೆ ನಲ್ವತ್ ವರ್ಷ ದುಡ್ದೆ ಟೀಚರ್ರೆ. ಈ ಹೊಳಿ ಕಂಡದ್ ಈಗ್ಳೇ." ಕತ್ತಲಲ್ಲಿ ದಾಟಿ ಹೋಗಿ, ಸುಸ್ತಾಗಿ ಮರಳುವವರಿಗೆ ಹೊಳೆ ಬರೀ ದಾರಿಯಾಗಿತ್ತು.

ತಿಂಡಿಯ ವಿನಿಮಯ ನಡೆಯುತ್ತಿತ್ತು. ಡಬ್ಬಿಯನ್ನು ಹುಟ್ಟಿನ ಅಲಗಿನ ಮೇಲಿಟ್ಟು ಚಾಚುವುದು. ನನ್ನದು ಕೊಟ್ಟೆ ಕಡುಬು, ಹಲಸಿನ ಹಪ್ಪಳ. ಅವರದು ಒಣ ಚಟ್ಲಿಯ ಚಟ್ನಿ, ಪುನರ್ಪುಳಿ ಸಾರು. ಡಬ್ಬಿಯನ್ನು ಖಾಲಿ ಮರಳಿಸಬಾರದೆಂಬ ನಿಯಮ ಇಬ್ಬರ ಮನೆಯಲ್ಲೂ ಇದ್ದುದರಿಂದ ಆ ವ್ಯವಹಾರಕ್ಕೆ ಕೊನೆಯೇ ಇರಲಿಲ್ಲ. ಒಮ್ಮೆ ಕಡುಬು ಹೊಳೆಗೆ ಬಿತ್ತು. ಇವರು ಹುಟ್ಟನ್ನು ಸೊಟ್ಟ ಹಿಡಿದದ್ದೆಂದು ನಾನು, ತಾಂಡೇಲರು ನಕ್ಕು ನಗಿಸಿದ್ದೆಂದು ಇವರು. ಆ ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ.

ಇನ್ನೂ ಕೆಲವರು ಸೇರಿಕೊಂಡರು. ಇಳಿತದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಕಾಲಬೆರಳಿನಲ್ಲಿ ತಡಕಿ ಮಳಿ, ಅಂದರೆ ಕಪ್ಪೆಚಿಪ್ಪು, ಹೆಕ್ಕುವ ಹೆಂಗಸರು. ಪೇಟೆ ಮುಚ್ಚಿ, ಮಳಿ ಕೊಳ್ಳುವವರಿಲ್ಲದೆ ಅವರು ಪಟ್ಟ ಪಾಡನ್ನು ಹೇಳದೆ ಹೊಳೆ ಶುಭ್ರವಾಗಿತ್ತು, ಹಕ್ಕಿ ಬಂದವು ಎಂದಷ್ಟೇ ಬರೆದರೆ ಪಾಪ ಬರುತ್ತದೆ. ಅವರಲ್ಲಿ ಒಬ್ಬಳು ಬುಟ್ಟಿಯನ್ನು ಟೈರಿನ ಟ್ಯೂಬಿನಲ್ಲಿ ತೇಲಿಸಿಕೊಂಡು ನಮ್ಮ ದೋಣಿಯ ಅಂಚು ಹಿಡಿದು ಸುಧಾರಿಸಿಕೊಳ್ಳುತ್ತಿದ್ದಳು. ಬೆಂಗಳೂರಿನಿಂದ ಬಂದ ಕಂಪ್ಯೂಟರ್ ಹುಡುಗನೊಬ್ಬ. ಅವನ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಹೊಳೆಯ ನಡುವೆ ಚೆನ್ನಾಗಿ ಸಿಕ್ಕುತ್ತದೆ. ಗಾಳಿ ತುಂಬುವ ಕಯಾಕ್ ಒಂದರಲ್ಲಿ ಕೂತು, ತಲೆಗೆ ಮುಟ್ಟಾಳೆ, ಕಿವಿಗೆ ವೈರು ಹಾಕಿಕೊಂಡು ಅಮೆರಿಕದವರ ಹತ್ತಿರ ಮಾತಾಡುತ್ತಿದ್ದ. ತಾಂಡೇಲರು ಅವನ ಮೀಟಿಂಗ್ ಮುಗಿಯುವವರೆಗೆ ಎಂಜಿನ್ ಚಾಲೂ ಮಾಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ಬೊಂಬಾಯಿಯವರು ಬರತೊಡಗಿದರು. ಸೇವಾಸಿಂಧು ಪಾಸು ಹಿಡಿದು, ಶಿರೂರು ಚೆಕ್‌ಪೋಸ್ಟಿನಲ್ಲಿ ಬಿಸಿಲಲ್ಲಿ ಕಾದು, ಬಸ್ಸುಗಟ್ಟಲೆ ಜನ. ಮನೆಗೆ ಹೋಗುವ ಹಾಗಿಲ್ಲ. ಕುಂದಾಪುರ, ಬೈಂದೂರಿನ ಶಾಲೆ, ಹಾಸ್ಟೆಲುಗಳಲ್ಲೆಲ್ಲ ಕ್ವಾರಂಟೈನ್. ಇಷ್ಟು ವರ್ಷ ಅವರ ಮನಿಯಾರ್ಡರಿನಲ್ಲಿ ಗುಡಿ ಕಟ್ಟಿಸಿದ ಊರು, ಈಗ ಅವರ ಹೆಸರು ಕೇಳಿದರೆ ಕಿಟಕಿ ಹಾಕಿಕೊಂಡಿತು. ಅದನ್ನು ನಾನು ಇನ್ನೂ ಮರೆತಿಲ್ಲ. ಹೊಳೆಯಂಚಿನ ಒಂದು ಶಾಲೆಯ ಹತ್ತಿರ ದೋಣಿ ಸಾಗುವಾಗ ಜಗಲಿಯಿಂದ ಒಬ್ಬ ಕೂಗಿದ, "ಟೀಚರ್!" ನೋಡಿದರೆ ತಲೆ ನರೆತ, ಹೊಟ್ಟೆ ಬಂದ ಗಂಡಸು. ನನಗೆ ಗುರುತು ಹತ್ತಲಿಲ್ಲ. ಅವನು ರಾತ್ರಿ ಶಾಲೆಯ ಹಿಂದಿನ ಬೆಂಚಿನವನಂತೆ, ಈಗ ಎರಡು ಹೋಟೆಲಿನ ಮಾಲೀಕನಂತೆ, ಎರಡೂ ಮುಚ್ಚಿವೆಯಂತೆ. ಎಲ್ಲವನ್ನೂ ಅಲ್ಲಿಂದಲೇ ಕೂಗಿ ಹೇಳಿದ. ಅವನ ದನಿಗೆ ಇನ್ನಿಬ್ಬರು ಹೊರಬಂದರು, ಅವರೂ ನಮ್ಮ ಶಾಲೆಯವರೇ. ನಾನು ದೋಣಿಯಲ್ಲಿ ಎದ್ದು ನಿಂತು ಒಬ್ಬೊಬ್ಬರ ಹೆಸರು ಕೂಗಿದೆ. ನಡುವಯಸ್ಸಿನ ಗಂಡಸರು ಹಂಚಿನ ಮಾಡಿನ ಕೆಳಗೆ ಸಾಲಾಗಿ ನಿಂತು "ಹಾಜರ್ ಟೀಚರ್, ಹಾಜರ್" ಅಂದರು. ದೋಣಿ ಅಲ್ಲಾಡಿತು. ಇವರು ಕೂರು ಕೂರು ಎಂದು ಗದರಿದರು. ಅವರ ವಾಸ ಮುಗಿಯುವ ತನಕ ಆ ಹಾಜರಿ ನಡೆಯಿತು. ಬೆಂಗಳೂರು ಹುಡುಗ ತನ್ನ ಕಯಾಕಿನಲ್ಲಿ ನಮ್ಮ ಹಿಂದೆಯೇ ಬಂದು ಅವರ ಫೋನುಗಳ ಸಮಸ್ಯೆಗಳನ್ನು ನೀರಿನಿಂದಲೇ ಬಗೆಹರಿಸುತ್ತಿದ್ದ.

ಮಳೆಗಾಲಕ್ಕೆ ದೋಣಿ ಮೇಲೆಳೆದು, ಮಡಲು ಹೊದೆಸಿ ಇಟ್ಟೆವು. ಕೆಂಪು ನೀರು ಇಳಿದು ಹೊಳೆ ತಿಳಿಯಾದ ಮೇಲೆ, ನವರಾತ್ರಿಯ ಹೊತ್ತಿಗೆ, ಮತ್ತೆ ಸುರು. ಆ ಚಳಿಗಾಲವೇ ನಮ್ಮ ಚಿನ್ನದ ಕಾಲ. ಕೋಟೇಶ್ವರದ ಕೋಡಿ ಹಬ್ಬ ಆ ವರ್ಷ ಸರಳವಾಗಿ ಮುಗಿಯಿತು. ಹೊಸ ಮದುಮಕ್ಕಳು ಹಬ್ಬಕ್ಕೆ ಹೋಗಿ ಕಬ್ಬಿನ ಕೋಡಿ ತರುವುದು ಇಲ್ಲಿಯ ಕ್ರಮ. ತಾಂಡೇಲರು ಎಲ್ಲಿಂದಲೋ ಎರಡು ಕಬ್ಬು ಸಂಪಾದಿಸಿ ದೋಣಿಯ ಮುಂದಕ್ಕೆ ನೆಟ್ಟಗೆ ಕಟ್ಟಿಕೊಂಡು ಬಂದರು. ಒಂದು ನಮಗೆ, ಒಂದು ಅವರಿಗೆ. ನಾಲ್ವರಿಗೂ ಸೇರಿ ಗಟ್ಟಿ ಹಲ್ಲು ಎಷ್ಟಿದ್ದವೋ. ಅಕ್ಕ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಮಾತ್ರ ಹೊಸ ಮದುಮಗಳ ಹಾಗೆಯೇ ಇತ್ತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ. ಅದಾಗಿ ಕೆಲವು ದಿನಕ್ಕೆ ತಾಂಡೇಲರು ಒಬ್ಬರೇ ಬಂದರು. ಹಗ್ಗ ಎಸೆಯಲು ಇವರು ಎದ್ದಾಗ "ಇವತ್ ಕಟ್ಟುದ್ ಬ್ಯಾಡ" ಅಂದು ದೂರದಲ್ಲೇ ಲಂಗರು ಬಿಟ್ಟರು. ಒಣ ಕೆಮ್ಮು. ನೀರು ತಿರುಗುವ ಮೊದಲೇ ಹೊರಟರು. ಮರುದಿನ ಬರಲಿಲ್ಲ. ಫೋನಿನಲ್ಲಿ ಅಕ್ಕ. ಆಂಬುಲೆನ್ಸ್ ಬಂದದ್ದು, ತ್ರಾಸಿಯ ಮೇಲೆ ಸುತ್ತಿ ಈಚೆಗೆ ಕರಕೊಂಡು ಹೋದದ್ದು, ಆಮ್ಲಜನಕ ಹಾಕಿದ್ದು. ನಾವಿದ್ದ ದಡಕ್ಕೇ ಅವರು ಬಂದಿದ್ದರು, ಆದರೆ ನೋಡಲು ಬಿಡುವ ಹಾಗಿಲ್ಲ. ವಾರ ತುಂಬುವುದರೊಳಗೆ ಹೋದರು. ಬಿಳಿ ಅಂಗಿ ತೊಟ್ಟ, ಮುಖ ಕಾಣದ ಸ್ವಯಂಸೇವಕ ಹುಡುಗರು ಮುಂದಿನದೆಲ್ಲ ಮಾಡಿದರು. ಒಂದು ಬೋಟಿನವರನ್ನೆಲ್ಲ ದಡ ಸೇರಿಸುತ್ತಿದ್ದ ಮನುಷ್ಯನ ಬೆನ್ನಿಗೆ ಮಸಣದಲ್ಲಿ ಇದ್ದದ್ದು ಮಗ, ಅಳಿಯ ಮಾತ್ರ.

ಮೇ 15ಕ್ಕೆ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆಗೆ ಹಾದುಹೋಯಿತು. ಮನೆಯ ಹಂಚು ಹಾರಿದವು. ತಾಂಡೇಲರ ಫೈಬರ್ ದೋಣಿ ಹಗ್ಗ ಕಡಿದುಕೊಂಡು ಹೋದದ್ದು ಕೋಡಿಯ ಮರಳಿನಲ್ಲಿ ಸಿಕ್ಕಿತು, ಎಂಜಿನ್ ಇರಲಿಲ್ಲ. ಮಗ ಅದನ್ನು ಬಂದ ಬೆಲೆಗೆ ಮಾರಿ, ತಾಯಿಯನ್ನು ಮಂಗಳೂರಿಗೆ ಕರಕೊಂಡು ಹೋದ.

ಸಾವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ವಯಸ್ಸಾಯಿತು. ಅರ್ಥವಾಗದ್ದು ಉಳಿದವರ ಜೊತೆ ಆದದ್ದು. ಲೋಕ ತೆರೆಯಿತು, ಎಲ್ಲರಿಗೂ ಒಳ್ಳೆಯದೇ ಆಯಿತು. ಹೋಟೆಲಿನವರು ಬೊಂಬಾಯಿಗೆ ಮರಳಿದರು, ಬಾಗಿಲು ತೆರೆದರು. ಬೆಂಗಳೂರು ಹುಡುಗನಿಗೆ ಆಫೀಸಿಗೇ ಬರಬೇಕೆಂದು ಕರೆ ಬಂತು. ಆಮೇಲೆ ಒಂದು ದಿನ ಶಾಸ್ತ್ರಿ ಸರ್ಕಲ್ ಹತ್ತಿರ ಅವನು ಎದುರಾದ. ಪ್ಯಾಂಟು, ಬೂಟು. ಮುಟ್ಟಾಳೆ ಇಲ್ಲದ ಅವನ ತಲೆ ನಾನು ಮೊದಲ ಸಲ ನೋಡಿದ್ದು. "ಹೇಗಿದ್ದೀರಿ ಆಂಟಿ?" ಅಂದ. ಹೊಳೆಯಲ್ಲಿ ಅವನು ನನ್ನನ್ನು ಟೀಚರಮ್ಮ ಅನ್ನುತ್ತಿದ್ದ. ಇಬ್ಬರೂ ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆವು. ಬಸ್ಸು ಬಂತು.

ಅಕ್ಕ ಗಂಗೊಳ್ಳಿಗೆ ವಾಪಸು ಬಂದರೆಂದು ತಿಳಿದು ನಾವು ಹೋದೆವು, ರಸ್ತೆಯಿಂದ. ಅಷ್ಟೆಲ್ಲ ಒಡನಾಡಿದ ಮೇಲೂ ಅವರ ಮನೆಯ ಬಾಗಿಲು ಯಾವುದೆಂದು ಕೇಳಿಕೊಂಡು ಹೋಗಬೇಕಾಯಿತು. ನಮಗೆ ಗೊತ್ತಿದ್ದದ್ದು ಹೊಳೆಯಿಂದ ಕಾಣುವ ಹಿಂಬದಿ ಮಾತ್ರ. ಪ್ಲಾಸ್ಟಿಕ್ ಕುರ್ಚಿ ಹಾಕಿದರು, ಎದುರೆದುರು. ಅಕ್ಕ ಚಾ ಕೊಟ್ಟರು, ತಟ್ಟೆಯಲ್ಲಿ ಬೇಕರಿಯ ಬಿಸ್ಕತ್ತು. ಗೋಡೆಯ ಮೇಲೆ ತಾಂಡೇಲರ ಫೋಟೋ, ಮದುವೆಗೋ ಮತ್ತೆಂತಕ್ಕೋ ತೆಗೆಸಿದ್ದು, ಕೋಟು ಹಾಕಿದ್ದರು. ನಾವು ಅವರನ್ನು ಕೋಟಿನಲ್ಲಿ ಕಂಡವರೇ ಅಲ್ಲ. ಮಾತು ಮಕ್ಕಳ ಸುದ್ದಿಗೆ ಹೋಯಿತು, ಸಕ್ಕರೆ ಕಾಯಿಲೆಗೆ ಹೋಯಿತು, ಅಲ್ಲಿಗೆ ನಿಂತಿತು. ಇವರು ಎರಡು ಸಲ ಗಡಿಯಾರ ನೋಡಿದರು. ನಾನು ಕೊಟ್ಟೆ ಕಡುಬಿನ ಡಬ್ಬಿ ಕೊಟ್ಟೆ. ಹೊರಡುವಾಗ ಅಕ್ಕ ಹಿಂಬದಿಯ ಮೆಟ್ಟಿಲ ತನಕ ಕರಕೊಂಡು ಹೋಗಿ ಹೊಳೆ ತೋರಿಸಿದರು, ನಾವು ನೋಡದೇ ಇದ್ದ ಹಾಗೆ. ಅಲ್ಲಿ ಮೂವರೂ ಅಳಿವೆಯ ಕಡೆಗೆ ಮುಖ ಮಾಡಿ ನಿಂತಾಗ ಅವರು ಹೇಳಿದರು: "ಆ ಬದಿ ಮನೆ ದೀಪ ರಾತ್ರಿ ಕಾಣತ್ತ್. ನಿಮ್ದಾ ಅಂತ ಕೇಳುಕ್ ಯಾರೂ ಇಲ್ಲೆ." ಡಬ್ಬಿ ಅಲ್ಲೇ ಉಳಿಯಿತು. ಮರಳಿಸಲು ಅವರು ಬಸ್ಸು ಹತ್ತಿ ಬರುವವರಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಇವರು ದೋಣಿ ಮಾರುವ ಮಾತೆತ್ತಿದರು. ರೆಸಾರ್ಟಿ‌ನವನೊಬ್ಬ ಬಂದು ನೋಡಿದ. ಅದನ್ನು ಹುಲ್ಲಿನ ಮೇಲಿಟ್ಟು, ಮಣ್ಣು ತುಂಬಿ ಹೂಗಿಡ ನೆಡುತ್ತಾನಂತೆ, ಹೊಲಿಗೆಯ ದೋಣಿಯೆಂದರೆ ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಒಳ್ಳೆಯ ದುಡ್ಡೇ ಹೇಳಿದ. ಇವರು ದುಡ್ಡಿನ ಮುಖ ನೋಡದ ಅಪರೂಪದ ಸಂದರ್ಭ ಅದು. ದೋಣಿ ಮಳಿ ಹೆಕ್ಕುವವಳಿಗೆ ಹೋಯಿತು. ಕಂತಿನಲ್ಲಿ ಕೊಡುತ್ತೇನೆ ಅಂದಳು, ಎರಡು ಕಂತು ಕೊಟ್ಟಳು, ಆಮೇಲೆ ಇವರು ಕೇಳಲಿಲ್ಲ, ಅವಳು ನೆನಪು ಮಾಡಲಿಲ್ಲ. ಗೇರೆಣ್ಣೆ ಬಳಿಯುವುದನ್ನು ಮಾತ್ರ ಪ್ರತಿ ವರ್ಷ ನಮ್ಮ ಹಿತ್ತಲಿಗೇ ತಂದು ಮಾಡುತ್ತಾಳೆ. ಇವರು ಕುರ್ಚಿ ಹಾಕಿ ಕೂತು ಅಲ್ಲಿ ಬಿಟ್ಟೆ ಇಲ್ಲಿ ಬಿಟ್ಟೆ ಎಂದು ಜೀವ ತಿನ್ನುತ್ತಾರೆ.

ಮಳಿಯೂ ಅವಳದೇ. ನೂರು ಅಂದರೆ ನೂರು, ಎಣಿಸಿಯೇ ಹಾಕುವುದು, ಪೇಟೆಯ ರೇಟು. ಕಳೆದ ವಾರ ನಾನು, "ಹತ್ತು ಹೆಚ್ಚು ಹಾಕು ಮಾರಾಯ್ತಿ, ನಮ್ಮ ದೋಣಿಯಲ್ಲೇ ಅಲ್ಲವಾ ತಂದದ್ದು" ಅಂದೆ. ಅವಳು ಬುಟ್ಟಿ ಸೊಂಟಕ್ಕೇರಿಸಿ, "ದೋಣಿ ಲೆಕ್ಕ ಬೇರೆ, ಮಳಿ ಲೆಕ್ಕ ಬೇರೆ ಟೀಚರ್ರೆ" ಅಂದು, ಸೆರಗಿನ ಗಂಟಿನಿಂದ ಚಿಲ್ಲರೆ ತೆಗೆದು ನನ್ನ ಕೈಗೆ ಎಣಿಸಿದಳು. ಒಳಗಿನಿಂದ ಇವರು ನಗುವುದು ಕೇಳಿಸಿತು.